ಅಂಗಳದ ಅಳತೆ

ಇಪ್ಪತ್ತೊಂಬತ್ತು ವರ್ಷ ಗಾಜು ತೊಳೆದವನು ನಾನು, ಓಬಳೇಶ.
ಮೊದಲು ಕುದಿಸು, ಆಮೇಲೆ ತೊಳೆ, ಮತ್ತೆ ಕುದಿಸು:
ಬೋಜಮ್ಮ ಮೇಡಂ ಕಲಿಸಿದ ಮೊದಲ ಪಾಠ.
ಎರಡನೆಯದು, ಮೂಗು ಮುಟ್ಟಿಕೊಳ್ಳಬೇಡ.

ಗುರುವಾರ ಗುರುವಾರ ಹೆಬ್ಬಾಳಕ್ಕೆ ಸೈಕಲ್ಲು.
ವೆಟರ್ನರಿ ಕಾಲೇಜಿನ ಕುರಿಯ ಕುತ್ತಿಗೆಯಿಂದ ತೆಗೆದ ರಕ್ತ,
ಗಾಜಿನ ಮಣಿ ಹಾಕಿ ಹತ್ತು ನಿಮಿಷ ಅಲ್ಲಾಡಿಸಬೇಕು,
ಇಲ್ಲದಿದ್ದರೆ ಹೆಪ್ಪುಗಟ್ಟಿ ಹಾಳು.
ಮೇಖ್ರಿ ಸರ್ಕಲ್ಲಿನಲ್ಲಿ ಪೊಲೀಸಿನವನು ತಡೆದ. ಏನಯ್ಯಾ ಇದು?
ಊಟ ಸ್ವಾಮಿ, ಅಂದೆ. ರೋಗಕ್ಕೆ.
ಬಿಟ್ಟ.

ತಟ್ಟೆಯ ತುಂಬ ರೋಗ ಬಿತ್ತಿ
ನಡುವೆ ಮದ್ದಿನ ಒಂದು ಬಿಲ್ಲೆ ಇಡುತ್ತಿದ್ದರು.
ಬೆಳಿಗ್ಗೆಗೆ ಅದರ ಸುತ್ತ ಬರಿದಾದ ದುಂಡು,
ಏನೂ ಬೆಳೆಯದ ಜಾಗ.
ಅದಕ್ಕೆ ಅಂಗಳ ಅಂತ ಹೆಸರಿಟ್ಟವನು ನಾನೇ.
ಮೇಡಂ ಸ್ಟೀಲ್ ಸ್ಕೇಲಿಟ್ಟು ಅಳೆಯುವರು, ನಾನು ಬರೆಯುವೆ.
ತೊಂಬತ್ತೆಂಟರಲ್ಲಿ, ಹಸುಗೂಸುಗಳ ವಾರ್ಡಿನ ರಕ್ತ:
ಇಪ್ಪತ್ತಾರು ಮಿಲಿಮೀಟರ್.
"ನಿಮ್ಮಮ್ಮ ರಂಗೋಲಿ ಹಾಕಬಹುದು ಕಣೋ."
ಎರಡು ಸಾವಿರದ ಆರು: ಇಪ್ಪತ್ತೊಂದು.
ಹನ್ನೊಂದರಲ್ಲಿ ಹದಿನಾಲ್ಕು.
ಅದೇ ವಾರ್ಡು, ಅದೇ ಮದ್ದು, ಕೂಸುಗಳು ಮಾತ್ರ ಬೇರೆ.
ಒಂದು ಸೋಮವಾರ ಸ್ಕೇಲು ಆರಕ್ಕೆ ನಿಂತಿತು.
ಆರೆಂದರೆ ಬಿಲ್ಲೆಯದೇ ಅಗಲ.
ಹೊಸ್ತಿಲವರೆಗೂ ಬಂದು ಕೂತಿತ್ತು.
ಮೇಡಂ ಸ್ಕೇಲು ಒರೆಸಿದರು. ಇನ್ನೊಮ್ಮೆ ಅಳೆದರು.
ಬರಿ, ಅಂದರು. ಬರೆದೆ.

ವೈರಸ್ಸಿನ ಸಂಗತಿ ಬೇರೆ. ಅದಕ್ಕೆ ಅಂಗಳವಿರಲಿ, ಮನೆಯೂ ಇಲ್ಲ,
ಇನ್ನೊಬ್ಬರ ಮನೆಗೆ ನುಗ್ಗಿ ಅವರ ಒಲೆಯಲ್ಲೇ ಬೇಯಿಸಿಕೊಳ್ಳುತ್ತದೆ.
ಮಿದುಳು ಜ್ವರದ ಮಕ್ಕಳು ಸಾಲಾಗಿ ಬಂದ ವರ್ಷ
ಮೇಡಂ ಮೂರು ವಾರ ಮನೆಗೆ ಹೋಗಲಿಲ್ಲ.
ಹಂದಿ ಸಾಕುವವರ ಶೆಡ್ಡಿನಲ್ಲಿ, ಟಾರ್ಚು ಬಾಯಲ್ಲಿ ಕಚ್ಚಿ,
ಸೊಳ್ಳೆ ಹಿಡಿದೆವು ಇಬ್ಬರೂ.
ಬರೆದ ಪೇಪರು ಎರಡು ಸಲ ವಾಪಸು ಬಂತು.
ಮೂರನೆಯ ಸಲ ಅಚ್ಚಾಯಿತು; ಕೊನೆಯಲ್ಲಿ ನನ್ನ ಹೆಸರು,
ಒಂದು ಅಕ್ಷರ ತಪ್ಪಾಗಿ.

ಮೈನಸ್ ಎಂಬತ್ತರ ಪೆಟ್ಟಿಗೆಯಲ್ಲಿ ಎಲ್ಲವೂ ಮಲಗಿವೆ, ನಂಬರು ಹೊದ್ದು.
ಕರೆಂಟು ಹೋದ ರಾತ್ರಿ ಪೀಣ್ಯದಿಂದ ಆಟೋದಲ್ಲಿ
ಒಣ ಮಂಜುಗಡ್ಡೆ ತಬ್ಬಿಕೊಂಡು ತಂದೆ.
ಚಳಿಯೂ ಸುಡುತ್ತದೆ. ಅಂಗೈಯಲ್ಲಿ ಗುರುತಿದೆ.

ನಾನೂರ ಹದಿನೇಳು, ಹಲಸೂರಿನ ಒಬ್ಬ ಹುಡುಗನ
ಬೆನ್ನುಹುರಿಯ ನೀರಿನಿಂದ ಬಂದದ್ದು.
ನಾಲ್ಕು ವರ್ಷದವನು. ಎರಡು ದಿನ ಇದ್ದ.
ಹನ್ನೊಂದು ವರ್ಷದ ಮೇಲೆ ಅವನಪ್ಪ ಬಂದರು,
ಬೀಗ ರಿಪೇರಿಯ ಏಳುಮಲೈ.
"ಅದರ ಹೆಸರೇನು ಮೇಡಂ?"
ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು.
ನ್ಯೂ, ಮೋ, ಎಂದು ಅಕ್ಷರ ಕೂಡಿಸಿ ಓದಿ ಜೇಬಿಗಿಟ್ಟರು ಆತ.
"ಈಗ ಎಲ್ಲಿದೆ?"
ಸುಳ್ಳು ಹೇಳಬಹುದಿತ್ತು.
"ಇಲ್ಲೇ. ಜೀವ ಇದೆ."
ಫ್ಯಾನಿನ ಸದ್ದು.
"ಹಂಗಾದ್ರೆ ಬಿಡ್ಬೇಡಿ. ಅದರ ಬಾಯಿ ಬಿಡಿಸಿ."
ಹೋಗುವಾಗ ಪೆಟ್ಟಿಗೆಯ ಬೀಗ ಅಲ್ಲಾಡಿಸಿ ನೋಡಿ,
ಸಡಿಲ ಇದೆಯೆಂದು ಬಿಗಿ ಮಾಡಿಕೊಟ್ಟರು.
ದುಡ್ಡು ಮುಟ್ಟಲಿಲ್ಲ.

ನಾಳೆ ಮೇಡಂ ನಿವೃತ್ತಿ. ಹಾರ ಬೇಡವಂತೆ, ಭಾಷಣವೂ.
ನಿನ್ನೆ ಸಂಜೆ ನಾನೂರ ಹದಿನೇಳನ್ನು ಎಬ್ಬಿಸಿ
ರಕ್ತದ ತಟ್ಟೆಯ ಮೇಲೆ ಗೀಚಿದರು,
ಹೊಸ ಹುಡುಗಿ ಪಕ್ಕದಲ್ಲಿ, ಉಸಿರು ಹಿಡಿದು.
ಬೆಳಿಗ್ಗೆ ಮುಚ್ಚಳ ತೆರೆದರೆ
ಕುರಿಯ ಕೆಂಪಿನ ಮೇಲೆ ಇಬ್ಬನಿಯಂಥ ಹನಿಗಳು,
ಒಂದೊಂದರ ಸುತ್ತಲೂ ಹಸಿರು ಮಬ್ಬು.
ಚೆಂದ ಅನ್ನಬಾರದು. ಅಂದುಕೊಂಡೆ.
ಆ ಹುಡುಗನಿಗೆ ಈಗ ಮೂವತ್ತು ದಾಟಿರುತ್ತಿತ್ತು.

ಮೇಡಂ ಸ್ಕೇಲನ್ನು ಹುಡುಗಿಯ ಕೈಗಿಟ್ಟರು.
ಆರರ ಹತ್ತಿರ ಗೆರೆಗಳು ಸವೆದು ಹೋಗಿವೆ.
"ಅಲ್ಲಿ ಕಣ್ಣಂದಾಜು ಬೇಡಮ್ಮ. ಹೊಸದು ತಗೋ."

ನಾನು ತಟ್ಟೆ ಎತ್ತಿಕೊಂಡೆ.
ಮೊದಲು ಕುದಿಸಬೇಕು.