ಗೆರಿ ಮ್ಯಾಲಿನ ಚಿತ್ರ

ಬನಹಟ್ಟಿ. ಸೋಮವಾರ. ಒಂದನೇ ಇಯತ್ತೆ.
ಬೋರ್ಡಿನ ನಡಕ ಒಂದು ಗೆರಿ ಎಳದೆ,
ಎಡಕ್ಕ ‘ಚಲೋ’, ಬಲಕ್ಕ ‘ಕೆಟ್ಟ’.
ಹಿಂದಿನ ರಾತ್ರಿ ಕುಂತು
ಮದುವಿ ಕಾರ್ಡಿನ ಬೆನ್ನಿಗೆ ನಾನಽ ಬರದ ಚಿತ್ರ:
ಕೈ ಎತ್ತಿ ಕೇಳೂ ಹುಡುಗ, ಜಡಿ ಜಗ್ಗೂ ಹುಡುಗ,
ಪಾಟಿ ಒರಸಾಕ ಉಗುಳು ಹಚ್ಚೂ ಹುಡುಗಿ,
ರೊಟ್ಟಿ ಹರದು ಬಾಜೂದಾಕಿಗೆ ಕೊಡೂ ಹುಡುಗಿ,
ಬಾಯಿ ಬಾವಿ ಹಂಗ ತಗದು ಒದರೂ ಒಬ್ಬಾವ.
(ಬಾಯಿ ಅಂದ್ರ ಒಂದು ದುಂಡನ್ನ ಸೊನ್ನಿ. ನನಗ ಬರೂದು ಅಷ್ಟಽ.)

“ಒಬ್ಬೊಬ್ಬರಽ ಬಂದು ಅಂಟಸ್ರಿ” ಅಂದೆ.
ಮುಬಾರಕ ಜಡಿ ಜಗ್ಗೂದನ್ನ ಕೆಟ್ಟದ್ದಕ್ಕ ಹಚ್ಚಿ
ಹೊಳ್ಳಿ ಹೋಗೂವಾಗ ನೀಲವ್ವನ ಜಡಿ ಜಗ್ಗಿದ.
ಉಗುಳಿನ ಹುಡುಗೀನ್ನ ಅರ್ಧ ವರ್ಗ ಚಲೋ ಅಂತು:
“ನೀರು ಉಳೀತೈತ್ರೀ ಅಕ್ಕೋರೇ!”
ನಾ ತಿದ್ದಲಿಲ್ಲ, ಬಿಟ್ಟೆ.

ದಾನಮ್ಮನ ಕೈಯಾಗ ಒದರೂ ಚಿತ್ರ ಬಂತು.
ಎಲ್ಲಾರಕಿಂತ ದೊಡ್ಡ ದನಿ ಆಕೀದು,
“ಹಾಜರ್” ಅಂದ್ರ ಆಫೀಸಿನ್ಯಾಗ ಹೆಡ್‌ಮಾಸ್ತರು ಪೆನ್ನು ಕೆಳಗಿಡತಾರ.
ಜೂನಿನಿಂದ ಹದಿನಾಕು ಸಲ ಬಾಗಲ ಹೊರಗ ನಿಂತಾಕಿ.
ಈಗ ಕಲೀತಾಳ ಅಂದ್ಕೊಂಡೆ.

ಆಕಿ ಎಡಕ್ಕ ನೋಡಿದ್ಲು, ಬಲಕ್ಕ ನೋಡಿದ್ಲು.
“ಮನ್ಯಾಗೋ, ಸಾಲ್ಯಾಗೋ ಅಕ್ಕೋರೇ?”
“ಯಾಕ?”
“ಮನ್ಯಾಗ ನಾಕು ಮಗ್ಗ ಅದಾವ್ರಿ.
ಮೆಲ್ಲಕ ಅಂದ್ರ ಅಪ್ಪಗ ಕೇಳಂಗಿಲ್ಲ.
ಎಳಿ ಹರದಾಗ ನಾ ಒದರತೀನಿ,
ಅಪ್ಪ ಮಗ್ಗ ನಿಂದರಸತಾನ.
ನಿನ್ನಿ ಒದರದಿದ್ರ ತಮ್ಮನ ಬಟ್ಟು ಹೋಗತಿತ್ತು.”

ಗೋಡಿ ಆಚಿ ಓಣಿತುಂಬ ಮಗ್ಗ, ಖಟಕ್ ಖಟಕ್,
ಮುಂಜಾನಿಂದ ಬಡೀತಿದ್ದವು.
ಹನ್ನೊಂದು ವರ್ಷಾತು ಈ ಸಾಲಿಗೆ ಬಂದು,
ನನಗದು ಕೇಳೂದಽ ಬಿಟ್ಟಿತ್ತು.

“ಸಾಲ್ಯಾಗ” ಅಂದೆ. “ಸಾಲ್ಯಾಗ ಒದರಬಾರದು.
ಎಲ್ಲಾರೂ ಸುಮ್ಮ ಕುಂದರ್ರಿ, ಮುಬಾರಕ, ಜಡಿ ಬಿಡು,
ಯಾರೂ ಒದರಬ್ಯಾಡ್ರಿ, ಒದ...”

ಕರೆಂಟ ಹೋತು.

ಓಣಿ ಮಗ್ಗ ಎಲ್ಲಾ ಒಮ್ಮಿಗೇ ನಿಂತವು.
ಫ್ಯಾನು ನಾಕು ಸುತ್ತು ತಿರಗಿ ಬಳಲಿತು.
ವರ್ಗದಾಗ ಉಳದದ್ದು ಒಂದಽ ದನಿ:
“...ರಬ್ಯಾಡ್ರೀ!”
ನಂದು.
ಹಿಂಗ ಅರಚತೀನೇನು ನಾನು, ದಿನಾ?

ಮೂವತ್ತೆರಡು ಮುಖ ನನ್ನ ಬಾಯಿ ನೋಡತಿದ್ದವು.
ದಾನಮ್ಮ ಚಿತ್ರ ನೋಡಿದ್ಲು, ಮತ್ತ ನನ್ನ ನೋಡಿದ್ಲು.
ಏನೂ ಅನ್ನಲಿಲ್ಲ, ಅದು ಆಕಿ ದೊಡ್ಡಗುಣ.
ತುದಿಗಾಲ ಮ್ಯಾಲೆ ನಿಂತು
ಗೆರಿ ಮ್ಯಾಲೇ ಹಚ್ಚಿದ್ಲು, ಅರ್ಧ ಅತ್ತ, ಅರ್ಧ ಇತ್ತ.
ಗೆರಿ ಅವನ ತಲಿಯಾಗ ಹೊಕ್ಕು
ಕಾಲಾಗಿಂದ ಹೊರಗ ಬಂದಂಗ ಕಾಣತಿತ್ತು.

ಆಮ್ಯಾಲೆ ಹುಡುಗರು ಪಿಸಪಿಸ ಮಾತಾಡಿದ್ರು.
ಯಾರೂ ಹೇಳಿಕೊಟ್ಟಿರಲಿಲ್ಲ.
ನೀಲವ್ವನ ದನಿ ನಾ ಕೇಳಿದ್ದು ಅವತ್ತಽ ಮೊದಲು,
ಅಲ್ಲೀತನಕ ತುಟಿ ಅಷ್ಟಽ ನೋಡಿದ್ದೆ.
“ನೋಯತೈತೋ ಮುಬಾರಕ.”
“ತಪ್ಪಾತವ್ವಾ” ಅಂದ ಅವ.

ಇಪ್ಪತ್ತು ನಿಮಿಷ ಹಂಗಽ ಇತ್ತು.
ಕಡೀಕ ಫ್ಯಾನಿನ ರೆಕ್ಕಿ ಅಳ್ಳಾಡಿತು.
ದಾನಮ್ಮ ಎದ್ದು ನಿಂತು,
ಚಿತ್ರದಾಗಿನ ಚಲೋ ಹುಡುಗನಂಗ
ಬಲಗೈ ನೆಟ್ಟಗ ಎತ್ತಿ, ನನ್ನ ಕಣ್ಣಾಗ ಕಣ್ಣಿಟ್ಟು ಕಾದು,
ನಾ “ಹೇಳವ್ವಾ” ಅಂದಮ್ಯಾಲೆ
ಹಂಚು ಹಾರೂವಂಗ ಒದರಿದ್ಲು:
“ಕರೆಂಟ ಬಂತ್ರೀ ಅಕ್ಕೋರೇ!”