ಐದನೆಯ ಯಾಕೆ

ಮೊಖೋಟ್ಲೋಂಗ್‌ನಲ್ಲಿ ಜುಲೈ ಎಂದರೆ
ಬೆಳಗಾಗುವಷ್ಟರಲ್ಲಿ ಬಕೆಟ್ಟಿನ ನೀರು ಗಾಜು.
ಆಸ್ಪತ್ರೆಯ ಸಭೆಕೋಣೆಗೆ ಒಂದೇ ಹೀಟರು,
ಅದರ ಸುತ್ತ ಎಂಟು ಕುರ್ಚಿ.
ಗೋಡೆಯ ಹಾಳೆಯಲ್ಲಿ ಮಾಂಸ ತೆಗೆದಿಟ್ಟ ಮೀನು:
ಮುಳ್ಳುಮುಳ್ಳಿಗೂ ಒಂದೊಂದು ಕಾರಣ ಬರೆಯಬೇಕು.
ತಲೆಯ ಜಾಗದಲ್ಲಿ ನಾನೇ ಬರೆದಿದ್ದೆ
ಹಸಿರು ಪೆನ್ನಿನಲ್ಲಿ, ಕೆಂಪು ಮುಗಿದಿತ್ತು:
'ಕೂಸುಗಳು ತಣ್ಣಗಾಗಿ ಬರುತ್ತಿವೆ.'

ಹೆರಿಗೆ ಕೋಣೆಯಿಂದ ನಮ್ಮ ವಾರ್ಡಿಗೆ
ನಲವತ್ತೆರಡು ಹೆಜ್ಜೆ. ಎಣಿಸಿದ್ದೇನೆ.
ಅಷ್ಟರೊಳಗೆ, ಅದಕ್ಕೂ ಮುಂಚಿನ ಕಾಯುವಿಕೆಯೊಳಗೆ,
ತಾಯಿಯ ಬಿಸಿ ಹೊತ್ತು ಹೊರಟಿದ್ದು
ಮೂವತ್ತನಾಲ್ಕಕ್ಕೆ ಇಳಿದು ನನ್ನ ಕೈಗೆ ಬರುತ್ತದೆ,
ಅಳುವುದನ್ನೂ ಮರೆತು.

ಮಸೇರುವಿನಿಂದ ಬಂದಿದ್ದ ಮೊಯೆಕೆಟ್ಸಿ
ಎರಡು ದಿನ ಪಾಠ ಹೇಳಿ ಹೋಗಿದ್ದ:
ಯೋಚಿಸಿ, ಮಾಡಿ, ಅಳೆದು ನೋಡಿ, ತಿದ್ದಿ,
ಮತ್ತೆ ಮೊದಲಿಂದ.
ಗಾಣದ ಎತ್ತಿನ ಹಾಗೆ ಸುತ್ತಿದರೂ
ಸುತ್ತಿಗೊಂದು ಗೇಣು ಮುಂದೆ.
ಹೊರಡುವಾಗ ಜೀಪಿನ ಕಿಟಕಿಯಿಂದ ತಲೆ ಹಾಕಿ ಅಂದ:
'ಯಾಕೆ ಅಂತ ಐದು ಸಲ ಕೇಳಿ,
ಯಾರು ಅಂತ ಒಂದು ಸಲವೂ ಬೇಡ.'

ಯಾಕೆ?
ಒದ್ದೆ ಬಟ್ಟೆಯಲ್ಲೇ ಸುತ್ತಿ ತರುತ್ತಾರೆ.
ಯಾಕೆ?
ರಾತ್ರಿ ಹೊತ್ತು ಒಣಬಟ್ಟೆ ಇರುವುದಿಲ್ಲ.
ಯಾಕೆ?
ಎಂಟು ಕುರ್ಚಿಗಳೂ ಕಿರುಗುಟ್ಟಿದವು.
ಡಾಕ್ಟರು ಬಜೆಟ್ಟು ಅಂದರು, ಉಗ್ರಾಣದವನು ಇಂಡೆಂಟು ಅಂದ,
ಮೇಟ್ರನ್ ಪುಲೆಂಗ್ ಉಗುರು ನೋಡಿಕೊಂಡರು,
ನಾನು, ರಾತ್ರಿ ಪಾಳಿಯವರ ಉದಾಸೀನ ಅಂದೆ.
ಅಂದಮೇಲೆ ಹೊಳೆಯಿತು,
ನಾನು ಕೇಳಿದ್ದು 'ಯಾರು' ಅಂತಲೇ.

ಮೇ ತಿಂಗಳಲ್ಲಿ ನಮ್ಮ ಗೆರೆ ಚೆಂದವಾಗಿ ಇಳಿದಿತ್ತು.
ಚಪ್ಪಾಳೆ, ಒಂದು ಪೊಟ್ಟಣ ಬಿಸ್ಕತ್ತು.
ಗೊತ್ತಾಗಿದ್ದು ಆಮೇಲೆ:
ಥರ್ಮಾಮೀಟರಿನ ಬ್ಯಾಟರಿ ಸತ್ತಿದ್ದ ಹನ್ನೊಂದು ರಾತ್ರಿ
ಒಂದೇ ಒಂದು ಕೂಸೂ ತಣ್ಣಗಾಗಿರಲಿಲ್ಲ.

ಬಾಗಿಲಾಚೆ ನೆಲ ಒರೆಸುತ್ತಿದ್ದವಳು ಮಟ್ಲಾಕಾಲ.
ನಮ್ಮ ಮಾತಿನಲ್ಲಿ ಆ ಹೆಸರಿಗೆ ಕಸ ಎಂದರ್ಥ.
ಮೂರನ್ನು ಮಣ್ಣಿಗೆ ಕೊಟ್ಟವಳು ನಾಲ್ಕನೆಯದಕ್ಕಿಟ್ಟದ್ದು,
ಸಾವು ಮೂಸಿ ನೋಡಿ
ಮೂಗು ಮುರಿದು ಹೋಗಲೆಂದು.
ಅವಳೂ ಒಂದು ಬದಲಾವಣೆ ಮಾಡಿ ನೋಡಿದ್ದಳು;
ಐವತ್ತೆಂಟು ವರ್ಷದಿಂದ
ಫಲಿತಾಂಶ ನಡೆದಾಡುತ್ತಿದೆ.

ಬಗ್ಗಿದವಳು ಬಗ್ಗಿದಂತೆಯೇ ಅಂದಳು:
'ಬಟ್ಟೆ ಇದೆಯಲ್ಲ ಸಿಸ್ಟರ್, ಬೀರುವಿನಲ್ಲಿ.
ಮಡಚಿಟ್ಟವಳು ನಾನೇ.
ನಾಲ್ಕೂವರೆಗೆ ಬೀಗ ಬೀಳುತ್ತೆ.
ಬೀಗದ ಕೈ ಮೇಟ್ರನ್ ಅಮ್ಮನ ಚೀಲದಲ್ಲಿ
ಮನೆಗೆ ಹೋಗಿ ಮಲಗುತ್ತೆ.'

ಯಾಕೆ? ಇದು ನಾಲ್ಕನೆಯದು.
ಪುಲೆಂಗ್ ಮೊದಲ ಸಲ ತಲೆ ಎತ್ತಿದರು:
'ಒಂದು ಚಳಿಗಾಲ ಆರು ಕಂಬಳಿ ಕಾಣೆಯಾದವು.
ನನ್ನ ಸಂಬಳದಲ್ಲಿ ಹಿಡಿದುಕೊಂಡರು.
ಒಂಬತ್ತು ತಿಂಗಳು.'

ಐದನೆಯದನ್ನು ಯಾರೂ ಕೇಳಲಿಲ್ಲ.
ಕಿಟಕಿಯಾಚೆ ಕಣಿವೆಯ ತುಂಬ ಹಿಮ ಬೀಳುತ್ತಿತ್ತು.
ನಾಲ್ಕು ದಿನದ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು
ಒಬ್ಬಳು ಕುದುರೆ ಹತ್ತುತ್ತಿದ್ದಳು;
ಅವಳ ಊರು ಗುಡ್ಡದಾಚೆ, ಅರ್ಧ ದಿನದ ದಾರಿ.
ನಾವು ಎಂಟೂ ಜನ ನೋಡಿದೆವು.

ಈಗ ಬೀಗದ ಕೈ ಮೊಳೆಗೆ ತೂಗುತ್ತದೆ,
ಗ್ಲೂಕೋಸು ಕೊಳವೆಯ ತುಂಡು ಕಟ್ಟಿಕೊಂಡು.
ಸಭೆಗೆ ಒಂಬತ್ತನೆಯ ಕುರ್ಚಿ ತರಿಸಿದೆವು.
ಮಟ್ಲಾಕಾಲ ಬಂದಳು,
ಅದನ್ನೂ ಒರೆಸಿಟ್ಟು ಹೋದಳು.

ಆಗಸ್ಟಿನ ಗೆರೆ ಇಳಿದಿದೆ,
ಬ್ಯಾಟರಿ ನೋಡಿಯೇ ಹೇಳುತ್ತಿದ್ದೇನೆ.
ಎರಡು ಕಂಬಳಿ ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ.
ರಿಜಿಸ್ಟರು ತೆರೆದು ಕೂತಿದ್ದೇನೆ.
'ಕಳುವು' ಎಂಬುದಕ್ಕೆ ಅಂಕಣವಿದೆ.
ಗುಡ್ಡದಾಚೆ ಬೆಚ್ಚಗಿರುವವರನ್ನು
ಬರೆದುಕೊಳ್ಳಲು ಇಲ್ಲ.