ಏಳನೆಯ ಗುಂಡಿ

ನನ್ನ ನೌಕರಿಯಲ್ಲಿ ಎರಡೇ ಮಾತು:
ರೈಟ್, ಹೋಲ್ಡಾನ್.
ಮಂಡ್ಯದಿಂದ ಮೈಸೂರಿಗೆ, ಮೈಸೂರಿನಿಂದ ಮಂಡ್ಯಕ್ಕೆ
ಷಟಲ್ ಬಸ್ಸಿನ ಬಾಗಿಲಲ್ಲಿ ನಿಂತು
ಇವೆರಡರಲ್ಲೇ ಹದಿನಾಲ್ಕು ವರ್ಷ ಕಳೆದಿದ್ದೇನೆ.
ಮನೆಗೆ ಬಂದರೆ ಮೂರನೆಯದೊಂದಿತ್ತು: ಅಲ್ಲ.

ಅಲ್ಲ, ಆ ಕಾಜಕ್ಕಲ್ಲ.
ಅಲ್ಲ ಕಣೋ, ಅದರ ಕೆಳಗಿನದಕ್ಕೆ.
ಅಲ್ಲ ಅಂದೆನಲ್ಲ.

ಗುತ್ತಲು ರಸ್ತೆಯ ಬಾಡಿಗೆ ಮನೆ, ಬೆಳಗಿನ ಐದೂವರೆ.
ಅವನ ಶಾಲೆ ಹತ್ತಕ್ಕೆ, ನನ್ನ ಬಸ್ಸು ಆರೂ ಹತ್ತಕ್ಕೆ,
ನಮ್ಮಿಬ್ಬರಿಗೆ ಸಿಗುವುದು ಈ ಹೊತ್ತೇ.
ಲಿಖಿತನ ನೀಲಿ ಯೂನಿಫಾರಂ ಅಂಗಿ, ಆರು ಗುಂಡಿ.
ಒಂದು ತಪ್ಪಿದರೆ ಆರೂ ತಪ್ಪಿ
ಕಾಲರು ಒಂದು ಕಡೆ, ಕತ್ತು ಒಂದು ಕಡೆ.

ಎಂಟು ತಿಂಗಳಿಗೆ ಕಲಿತ.
ಹೀಗೆ ಕಲಿತ:
ಮೂರನೆಯ ಗುಂಡಿಯನ್ನು ಎರಡನೆಯ ಕಾಜಕ್ಕೆ ತೂರಿಸುತ್ತಾನೆ,
ಕೈ ನಿಲ್ಲಿಸಿ
ನನ್ನ ಕಿವಿಯ ಪಕ್ಕದ ಗೋಡೆ ನೋಡಿ
"ಅಲ್ಲ" ಅನ್ನುತ್ತಾನೆ, ನನ್ನದೇ ದನಿಯಲ್ಲಿ.
ಬಿಚ್ಚುತ್ತಾನೆ. ಸರಿ ಕಾಜಕ್ಕೆ ಹಾಕುತ್ತಾನೆ.
ದಿನಾ. ಒಂದು ದಿನವೂ ತಪ್ಪದೆ.

ಮೈಸೂರಿನ ಬನ್ನಿಮಂಟಪದ ಹತ್ತಿರ
ಹಳೇ ಟೈಪಿಂಗ್ ಕ್ಲಾಸಿನ ಮಹಡಿಯಲ್ಲಿ
ರೆಜಿನಾ ಮೇಡಂ ಕೂತು ನೋಡಿದರು.
ಬೈಯುತ್ತಾರೆ ಅಂದುಕೊಂಡೆ, ನಕ್ಕರು.
"ಹುಡುಗ ಏನೂ ತಪ್ಪು ಮಾಡ್ತಿಲ್ಲ ಸಾರ್,
ನೀವು ಕಲಿಸಿದ್ದನ್ನ ಪೂರಾ ಕಲಿತಿದ್ದಾನೆ.
ಅವನ ಅಂಗಿಗೆ ಏಳು ಗುಂಡಿ,
ನೀವು ಅಲ್ಲ ಅನ್ನೋದೂ ಒಂದು."

ಬಾಯಿ ಮುಚ್ಚಿಕೊಂಡಿರಿ ಅಂದರು, ಮರ್ಯಾದೆಯಿಂದಲೇ.
ಬೆರಳು ಜಾರುವ ಮುಂಚೆ ನಿಮ್ಮ ಕೈ ಅಲ್ಲಿರಲಿ.
ಆದರೂ ಜಾರಿದರೆ ಸುಮ್ಮನೆ ಒಂದು ಗುಂಡಿ ಹಿಂದಕ್ಕೆ,
ಅಲ್ಲಿಂದ ಮತ್ತೆ, ಕೈ ಹಿಡಿದು.
ಆಮೇಲೆ ಅವನಿಗೆ ಬರುವುದೇ ಏನಾದರೂ,
ಮೂಗು ಮುಟ್ಟು, ಚಪ್ಪಾಳೆ ತಟ್ಟು,
ಮತ್ತೆ ಅದೇ ಗುಂಡಿ, ಒಬ್ಬನೇ.

ಹಿಂದಿನ ಸ್ಟೇಜಿನಿಂದ!
ಅದು ನನಗೆ ತಿಳಿಯುವ ಭಾಷೆ.
ಗಣಂಗೂರಿಗೆ ಮುಂಚೆ ಕೈ ಅಡ್ಡ ಹಾಕಿ ಹತ್ತಿದವರಿಗೂ
ಯಲಿಯೂರಿನಿಂದಲೇ ಟಿಕೆಟ್ ಕೊಟ್ಟವನು ನಾನು.

ಬಾಯಿ ಕೇಳಬೇಕಲ್ಲ.
ಅವನ ಬೆರಳು ತಪ್ಪು ಕಾಜದ ಕಡೆ ತಿರುಗಿದರೆ
ನನ್ನ ನಾಲಗೆ ಆಗಲೇ ಹೊರಟಿರುತ್ತಿತ್ತು.
ಅಡಿಕೆ ಚೂರು ಇಟ್ಟುಕೊಂಡೆ.
ಒಂದು ದಿನ ವಿಷಲ್ಲನ್ನೇ ಕಚ್ಚಿ ಕೂತೆ,
ಉಸಿರಿಗೆ ಅದು ಪೀ ಅಂತು,
ಲಿಖಿತ ಕಿವಿ ಮುಚ್ಚಿಕೊಂಡ, ಅವತ್ತಿಗೆ ಅಷ್ಟೇ.

ರಾತ್ರಿ ಪಾತ್ರೆ ತೊಳೆಯುತ್ತಾ ಅವಳು ಕೇಳಿದಳು:
"ಅವನಿಗಿರೋದೇ ಒಂಬತ್ತು ಮಾತು.
ಅದರಲ್ಲೂ ಒಂದನ್ನ ಕಿತ್ತು ಹಾಕ್ತಾ ಇದೀವಾ?"
ಎಣಿಸಿದೆ. ನೀರು, ಬಸ್ಸು, ಅಮ್ಮ, ಫ್ಯಾನು, ಬೇಕು...
ಹೌದು, ಒಂಬತ್ತೇ.
ನಿದ್ದೆ ಬರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ
ನನ್ನ ಕೈ ಮುಟ್ಟುವ ಮೊದಲೇ
ಅವನ ಹೆಬ್ಬೆರಳು ಸರಿ ಕಾಜದ ಹಿಂದೆ ಕಾಯುತ್ತಿತ್ತು.
ಗುಂಡಿ ಬಂತು, ಹಾದು ಹೋಯಿತು.
ಮನೆಯಲ್ಲಿ ಸದ್ದಿಲ್ಲ.
ಚಾಚಿದ ಕೈಯನ್ನು ಎಲ್ಲಿಡುವುದೋ ತಿಳಿಯದೆ
ಬ್ಯಾಗಿನ ಚಿಲ್ಲರೆ ಎಣಿಸಿದೆ.
ಮಾರನೆಯ ದಿನ ಮತ್ತೆ ತಪ್ಪಿದ, ಅದು ಬೇರೆ.
ಕಾಲರಿನ ಗುಂಡಿ ಈಗಲೂ ನಾನೇ ಹಾಕುವುದು.

"ಅಲ್ಲ" ಮನೆ ಬಿಟ್ಟು ಹೋಯಿತು.
ದಸರಾ ರಜ ಮುಗಿದರೂ ಕೇಳಲಿಲ್ಲ.
ಎಂಟಕ್ಕೆ ಇಳಿದೆವು ಅಂದುಕೊಂಡೆ.

ಒಂದು ಭಾನುವಾರ
ಲಿಖಿತ ಮುದ್ದೆ ಮುರಿದುಕೊಂಡು ಕೂತಿದ್ದ.
ಅವಳು ಏನೋ ಯೋಚನೆಯಲ್ಲಿ
ಉಪ್ಸಾರಿನ ಬದಲು ಮಜ್ಜಿಗೆ ಸೌಟು ತಂದಳು.
ಸೌಟನ್ನು ನೋಡಿದ.
"ಅಲ್ಲ."

ನನ್ನ ದನಿ ಇರಲಿಲ್ಲ ಅದರಲ್ಲಿ.
ತೆಳ್ಳಗೆ, ಸ್ವಲ್ಪ ಸಿಟ್ಟಾಗಿ,
ಅವನ ಅಳತೆಗೇ ಹೊಲಿಸಿದ ಹಾಗಿತ್ತು.

ಅವಳು ಏನೂ ಅನ್ನಲಿಲ್ಲ.
ಸೌಟು ಹಿಂದಕ್ಕೆ ಹೋಯಿತು,
ಅಲ್ಲಿಂದ ಮತ್ತೆ ಬಂತು.
ಈ ಸಲ ಉಪ್ಸಾರು.